ರಾಳದ ಪಾಲು

ಮಾರ್ಚಿಯ ಎರಡನೇ ಗುರುವಾರ, ರೀಗಾ.
ಕರಗಲೋ ಬೇಡವೋ ಎಂದು
ದೌಗವಾ ನದಿಯ ಮಂಜುಗಡ್ಡೆ ಇನ್ನೂ ಮನಸ್ಸು ಮಾಡಿರಲಿಲ್ಲ.
ಬಿಯರ್ ಅಂಗಡಿಯ ಹಿಂಬದಿಯ ಕೋಣೆಗೆ
ಒಬ್ಬೊಬ್ಬರಾಗಿ ಬಂದೆವು, ಸೂತಕದ ಮನೆಗೆ ಬಂದ ಹಾಗೆ,
ಲ್ಯಾಪ್‌ಟಾಪು ಕಂಕುಳಲ್ಲಿ ಅವುಚಿಕೊಂಡು.
ಹುಡುಕಿದವರ ಕಣ್ಣಿಗೆ ಇನ್ನೊಬ್ಬರನ್ನು
ಮೊದಲು ಬೀಳಿಸುವುದು ನಮ್ಮ ಕಸುಬು.

ಒಂಬತ್ತು ದಿನ ಹಿಡಿದಿತ್ತು ಈ ಸಲದ ಅಪ್‌ಡೇಟು.
ಗಿರ್ಟ್ಸ್‌ನ ಗೆರೆ ಬಲಕ್ಕೆ ಬರುತ್ತ ಬರುತ್ತ
ಮೆಟ್ಟಿಲು ತಪ್ಪಿದವನಂತೆ ಬಿದ್ದಿತ್ತು:
ಮಕ್ಕಳ ಜಾರುಬಂಡಿ ಮಾರುವ ಅಂಗಡಿ,
ಮೂರರಿಂದ ನಲವತ್ತೊಂದಕ್ಕೆ.
"ಜಾರುಬಂಡಿಯಲ್ಲವೇ, ಮತ್ತೆ" ಎಂದರು ಯಾರೋ.
ಯಾರೂ ನಗಲಿಲ್ಲ. ಆಮೇಲೆ ಗಿರ್ಟ್ಸ್‌ನೇ ನಕ್ಕ.

ಕೊಂಡಿ ಕೊಳ್ಳುವ ಕಾಲ ಮುಗಿಯಿತು, ಎಂದ ಆಗ್ರಿಸ್.
ಹೋದ ವರ್ಷವೂ ಹೇಳಿದ್ದ. ಅದರ ಹಿಂದಿನ ವರ್ಷವೂ.
ವಿಲ್ನಿಯಸ್‌ನಿಂದ ಬಸ್ಸಿನಲ್ಲಿ ಬಂದ ಹೊಸ ಹುಡುಗಿ
ಅದನ್ನು ಬರೆದುಕೊಂಡು ಅಡಿಗೆರೆ ಎಳೆದಳು.
ನಾನು ಬೂದು ಬಟಾಣಿಯ ತಟ್ಟೆಯಲ್ಲಿ
ಚಮಚ ಆಡಿಸುತ್ತ ಕೂತಿದ್ದೆ. ನನಗೆ ಸ್ಕೈದ್ರೀತೆಯ ಚಿಂತೆ.

ಸ್ಕೈದ್ರೀತೆಗೆ ಎಪ್ಪತ್ತಮೂರು. ಟ್ರಾಮು ತಿರುಗುವಲ್ಲಿ
ನೆಲಮಾಳಿಗೆಯಲ್ಲಿ ಅಕಾರ್ಡಿಯನ್ ರಿಪೇರಿ.
ಹನ್ನೊಂದು ವರ್ಷ ಆ ಪದ ಯಾರೇ ಹುಡುಕಲಿ
ಮೊದಲ ಸಾಲು ಅವಳದು.
ತಿದಿಯ ಮಡಿಕೆ, ಉಕ್ಕಿನ ನಾಲಗೆಗಳು,
ನಾಲಗೆ ಕೂರಿಸುವ ಮೇಣ,
ಅವಳು ಹೇಳಿದ್ದನ್ನೆಲ್ಲ ನಾನು ಟೈಪು ಮಾಡಿದ್ದೆ,
ಗೊಣಗಾಟ ಸಮೇತ.

ಈಗ ಅದರ ಮೇಲೊಂದು ಉತ್ತರದ ಚೌಕ ಬಂದು ಕೂತಿದೆ.
ಕೇಳಿದ್ದಕ್ಕೆಲ್ಲ ತಾನೇ ಹೇಳುತ್ತದೆ,
ಮಾತು ಅವಳದು, ಹೆಸರಿಲ್ಲ.
ಅಡುಗೆ ಇವಳದು, ತೇಗು ಅದರದು.
ಕಳೆದ ತಿಂಗಳು ಪುಟಕ್ಕೆ ಬಂದವರು ಹದಿನಾಲ್ಕು.
ಅದರಲ್ಲಿ ಆರು ಸಲ ನಾನೇ.

ಶುಕ್ರವಾರ ಹೋದೆ, ಬಿದ್ದ ಗೆರೆಯನ್ನು
ಕಾಗದದಲ್ಲಿ ಅಚ್ಚು ಮಾಡಿಕೊಂಡು,
ಮೆಟ್ಟಿಲಿಳಿಯುತ್ತ ಮೊದಲ ವಾಕ್ಯ ಹೊಂದಿಸಿಕೊಳ್ಳುತ್ತ.
ಬಾಗಿಲು ಅರ್ಧವೇ ತೆರೆಯಿತು.
ಹಿಂದೆ ಪೆಟ್ಟಿಗೆಗಳು, ಒಂದರ ಮೇಲೊಂದು,
ಲಿಯೆಪಾಯದ್ದು, ತಾರ್ತುವಿನದು,
ಕೌನಾಸಿನಲ್ಲಿ ಮದುವೆಗೆ ನುಡಿಸುವ ಒಬ್ಬನದು.
"ಎಲ್ಲಕ್ಕೂ ಒಂದೇ ರೋಗ" ಎಂದಳು. "ಚಳಿಗೆ ಮೇಣ ಬಿರಿದು
ನಾಲಗೆ ಕಳಚಿವೆ. ಕೇಳು."
ಒಂದನ್ನೆತ್ತಿ ಅಲ್ಲಾಡಿಸಿದಳು.
ಉದುರಿದ ಹಲ್ಲುಗಳನ್ನು ಡಬ್ಬಿಯಲ್ಲಿ ಇಟ್ಟುಕೊಂಡವರ ಹಾಗೆ
ಒಳಗೆಲ್ಲ ಗಲಗಲ.

ಫೋನು ತೆಗೆದು ಚೌಕದ ಉತ್ತರ ಓದಿದೆ:
ಜೇನುಮೇಣ ಎರಡು ಪಾಲು, ರಾಳ ಎರಡು ಪಾಲು.
ನಮ್ಮ ಪುಟ ತೆರೆದೆ. ಅಲ್ಲೂ ಅದೇ.
ಹನ್ನೊಂದು ವರ್ಷದಿಂದ ಅದೇ.
ಆದರೆ ಆಗೆಲ್ಲ ಓದಿದವರು ಕೊನೆಯವರೆಗೆ ಇಳಿಯುತ್ತಿದ್ದರು,
ಕೊನೆಯಲ್ಲಿ ಅವಳದೊಂದು ಸಾಲು ಕಾದಿತ್ತು:
ನೀವೇ ಕೈ ಹಾಕಬೇಡಿ, ಹೊತ್ತು ತನ್ನಿ.
ಯಂತ್ರಕ್ಕೆ ಅದು ಬೇಡದ ಸಾಲು.
ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟಿತ್ತು ಅದು, ನಿಜ.
ಈಯಿತೆಂದು ಮೊದಲು ಹೇಳಿದ್ದು ಯಾರು,
ನನ್ನ ಬೆರಳೋ, ಅವಳ ಬಾಯೋ?

"ಸರಿಯಾದ ಲೆಕ್ಕ ಏನು?" ಎಂದೆ.
ಅವಳು ಕಡ್ಡಿ ಗೀರಿ ಸ್ಪಿರಿಟ್ ದೀಪ ಹಚ್ಚಿದಳು.
ತಾಮ್ರದ ಬಟ್ಟಲಲ್ಲಿ ಮೇಣ ಅಂಚಿನಿಂದ ಸಡಿಲವಾಯಿತು.
ಜೇನಿನ ವಾಸನೆ, ಅದರ ಹಿಂದೆಯೇ
ಪೈನ್ ಮರದ ಗಾಯದ ವಾಸನೆ.
"ನನ್ನ ಗುರು, ಇದನ್ನು ಬರೆದಿಡಬೇಡ ಎಂದಿದ್ದ.
ನೀನು ಬಂದು, ಆರುನೂರು ಪದ ಬೇಕು ಎಂದೆ."
ಮುಂದೆ ಏನೂ ಹೇಳಲಿಲ್ಲ.
ಕಣ್ಣಳತೆಯಲ್ಲೇ ರಾಳದ ಚೂರು ಹಾಕಿದಳು,
ನಾನು ಎಣಿಸುವುದನ್ನು ಕಂಡು
ಬೆನ್ನು ತಿರುಗಿಸಿ ಇನ್ನಷ್ಟು ಹಾಕಿದಳು.

"ಪುಟ ತಿದ್ದಲೇ?"

ನನ್ನ ಕೈಯ ಕಾಗದ ಎಳೆದುಕೊಂಡು,
ಗೆರೆ ಬಿದ್ದಲ್ಲಿಗೆ ಸರಿಯಾಗಿ,
ಬಿಸಿ ಬಟ್ಟಲು ಇಳಿಸಿಟ್ಟಳು.

"ಏಪ್ರಿಲ್ ಕಳೆಯಲಿ."