ಅಸ್ತರು

ಈ ಸಲವೂ ಫೆರ್ನಾಂನನ್ನೇ ಕರೆದೆ.
ಬೇರೆಯಾಗಿ ಹನ್ನೊಂದು ವರ್ಷ, ನಿಜ.
ಆದರೆ ಇಪ್ಪತ್ತನಾಲ್ಕು ಅಡಿ ಅಗಲದ ದುಂಡು ಕೊಳಕ್ಕೆ
ಅಸ್ತರು ತೊಡಿಸಲು ಎರಡು ಕೈ ಸಾಲವು,
ಮತ್ತು ಅದರಡಿಯ ಮರಳು ಎಲ್ಲಿ ಉಬ್ಬುತ್ತದೆ, ಎಲ್ಲಿ ಕುಸಿಯುತ್ತದೆಂದು
ಬಲ್ಲ ಪಾದಗಳು ಇಡೀ ಶವಿನಿಗನ್ನಿನಲ್ಲಿ
ನನ್ನವು ಬಿಟ್ಟರೆ ಅವನವೇ.

ಅಂಗಡಿಯ ಹುಡುಗ ಕೇಳಿದ್ದ:
ಗೋಡೆಯ ಮೇಲಿಂದ ಮಡಚಿ ಇಳಿಬಿಡುವುದು ಬೇಕೋ,
ಅಂಚಿನ ಸೀಳಿಗೆ ಸಿಕ್ಕಿಸುವುದೋ?
ಗೋಡೆ ನಲವತ್ತೆಂಟು ಇಂಚೋ, ಐವತ್ತೆರಡೋ?
ಗೊತ್ತಿಲ್ಲದಿದ್ದರೆ ಅಳೆದು ಬನ್ನಿ, ಮೇಡಂ,
ನಾಲ್ಕಿಂಚಿನ ಸುಳ್ಳನ್ನು ಒಂದು ಕೊಳ ನೀರು
ಎಳೆದೆಳೆದು ಹರಿದುಬಿಡುತ್ತದೆ.

ಮಡಚುವುದನ್ನೇ ಆರಿಸಿದೆ.
ಅಂದ ಕಡಿಮೆ, ಒಳಲಂಗದ ಹಾಗೆ ಹೊರಗಿಣುಕುತ್ತದೆ.
ಆದರೆ ಹೆಚ್ಚುಕಡಿಮೆಯನ್ನು ನುಂಗಿಕೊಳ್ಳುತ್ತದೆ.
ಐವತ್ತೆಂಟರಲ್ಲಿ ಆ ಗುಣ ಕಣ್ಣಿಗೆ ಬೀಳುತ್ತದೆ.

ನಮೂನೆಗಳ ಪುಸ್ತಕ ಬೇರೆ. ಬೆಣಚುಕಲ್ಲು, ಹವಳ,
ಎಲ್ಲೋ ಗ್ರೀಸಿನದಂತೆ, ನೀಲಿ ಹೆಂಚು.
ಮೊದಲನೆಯದರಲ್ಲಿ ಡಾಲ್ಫಿನ್‌ಗಳಿದ್ದವು, ಐದು ವರ್ಷದ ಕೊರಾಲಿಯ ಹಟ;
ಕ್ಲೋರಿನ್ನಿಗೆ ಮೊದಲು ಅವುಗಳ ಕಣ್ಣು ಹೋದವು.
ಎರಡನೆಯದು ಬರೀ ನೀಲಿ. ಆ ಹೊತ್ತಿಗೆ ನಮಗೆ
ಯಾವ ಚಿತ್ರದ ಮೇಲೂ ಒಮ್ಮತವಿರಲಿಲ್ಲ.
ಈಗ ಬೆಣಚುಕಲ್ಲು. ಕೇಳುವವರಿಲ್ಲ.

ಶನಿವಾರ ಬಂದ. ಲಿಸೆಟ್ ಕೊಟ್ಟ ಬೀನ್ಸಿನ ಪಾತ್ರೆ ಮೆಟ್ಟಿಲ ಮೇಲಿಟ್ಟ,
ನಾ ಹೇಳುವ ಮೊದಲೇ ಶೂ ಬಿಚ್ಚಿದ.
ಹಳೆಯದನ್ನು ಪಟ್ಟಿಪಟ್ಟಿಯಾಗಿ ಕೊಯ್ದು ಸುತ್ತಿದೆವು,
ಜೊತೆಗೆ ಕೆಸರು, ಮೇಪಲ್ ಎಲೆ, ಒಂದು ಕಪ್ಪೆ.
ಹೊಸದನ್ನು ಹುಲ್ಲಿನ ಮೇಲೆ ಬಿಸಿಲಿಗೆ ಹರವಿದೆವು,
ಪೆಟ್ಟಿಗೆಯಲ್ಲಿ ಸೆಟೆದದ್ದು ಮೆತ್ತಗಾಗಲಿ ಎಂದು.

ಮರಳು ಬಾಚುವಾಗ ಸಿಕ್ಕಿತು: ಚಪ್ಪಟೆ ಪೆನ್ಸಿಲ್,
ಬಡಗಿಗಳು ಇಟ್ಟುಕೊಳ್ಳುವಂಥದ್ದು, ಕೆಂಪು ಇನ್ನೂ ಮಾಸಿರಲಿಲ್ಲ.
ಹನ್ನೆರಡು ಬೇಸಿಗೆ ನನ್ನ ಹಿಮ್ಮಡಿಗೆ ತಾಕುತ್ತಿದ್ದ ಏಣು.
'ನೀನು ಮರಳು ಸರಿಯಾಗಿ ಹರಡಲಿಲ್ಲ.'
ಅವನಿದ್ದ ಆ ಒಂದೇ ಒಂದು ಬೇಸಿಗೆಯಲ್ಲಿ
ಎಷ್ಟು ಸಲ ಅಂದಿದ್ದ, ನೆಂಟರ ಮುಂದೆ, ನನ್ನಮ್ಮನ ಮುಂದೆ.
ಈಗ ತಿರುಗಿಸಿ ತಿರುಗಿಸಿ ನೋಡಿದ,
ಪ್ಯಾಂಟಿಗೆ ಒರೆಸಿ ಕಿವಿಯ ಹಿಂದೆ ಸಿಕ್ಕಿಸಿಕೊಂಡ.
ನಾನೂ ಏನೂ ಅನ್ನಲಿಲ್ಲ.
ಅಂದರೆ, ಸ್ವಲ್ಪ ಅಂದೆ.

ಆಮೇಲೆ ಎತ್ತಿ, ಗೋಡೆಯ ಮೇಲಿಂದ ಇಳಿಬಿಟ್ಟು,
ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸುತ್ತಲೂ ಕಚ್ಚಿಸಿದೆವು.
ಎಳಿ. ಸಾಕು. ನಿನ್ನ ಕಡೆ ಸ್ವಲ್ಪ ಬಿಡು.
ಮದುವೆಯಲ್ಲಿ ಇಷ್ಟು ಸರಾಗವಾಗಿ ಮಾತಾಡಿದ್ದು ನೆನಪಿಲ್ಲ.
ಒಂದಿಂಚು ನೀರು ನಿಂತಾಗ ಬರಿಗಾಲಲ್ಲಿ ಇಳಿದು
ಸುಕ್ಕುಗಳನ್ನು ನಡುವಿನಿಂದ ಅಂಚಿಗೆ ಪೊರಕೆಯಲ್ಲಿ ನೂಕಿದೆ.
ಜೂನ್ ತಿಂಗಳ ನಲ್ಲಿನೀರು, ಮೂಳೆಯೊಳಗೆ ಹೊಕ್ಕು
ಒಂದೊಂದೇ ಹಲ್ಲು ಎಣಿಸಿತು.

ಏಣಿಯ ಬಳಿ ಒಂದು ಸುಕ್ಕು ಉಳಿಯಿತು.
ಅಷ್ಟರಲ್ಲಿ ನೀರು ಮೊಣಕಾಲು ಮುಟ್ಟಿತ್ತು;
ಆಮೇಲೆ ಅದು ಯಾರ ಮಾತೂ ಕೇಳುವುದಿಲ್ಲ.
ಇರಲಿ ಬಿಡು, ಎಂದ.

ಎಲೆ ಸೆಳೆಯುವ ಸ್ಕಿಮ್ಮರಿನ ಕಿಂಡಿ ಮಾತ್ರ ಈಗಲೇ ಕೊಯ್ಯಬಾರದು.
ನೀರು ಅದರ ಕೆಳತುಟಿಯವರೆಗೆ ಏರಬೇಕು,
ಎಳೆಯುವಷ್ಟು ಎಳೆದು ಮುಗಿಸಬೇಕು.
ರಾತ್ರಿಯಿಡೀ ಪೈಪು ಓಡಿತು.
ಎರಡು ಸಲ ಎದ್ದು ಟಾರ್ಚು ಬಿಟ್ಟು ನೋಡಿದೆ.

ಬೆಳಗ್ಗೆ ಬಂದ. ಅದೇ ಪೆನ್ಸಿಲಿನಲ್ಲಿ ಗುರುತು ಹಾಕಿ,
ಉಸಿರು ಹಿಡಿದು, ಚೌಕವಾಗಿ ಕೊಯ್ದ.
ಅಂಗೈಯಗಲದ ಬೆಣಚುಕಲ್ಲು ನನ್ನ ಕೈಗಿತ್ತ:
ಎಸೆಯಬೇಡ, ಗಿಲೆನ್. ತೇಪೆಗೆ ಬರುತ್ತದೆ.

ಬೀನ್ಸಿನ ಪಾತ್ರೆ ತೊಳೆದು ಕೊಟ್ಟೆ.
ಪೆನ್ಸಿಲ್ ಅವನ ಕಿವಿಯ ಹಿಂದೆಯೇ ಹೋಯಿತು.