ಹದಿನಾರಾಣೆ

ಡಬ್ಬಿ ತೆರೆದಾಗ ಮೊದಲು ಹೊರಬಂದದ್ದು ವಾಸನೆ,
ಬಾಯಿ ಸರಿಯಾಗಿ ಕಟ್ಟದ ಉಪ್ಪಿನಕಾಯಿ ಭರಣಿಯದು.
ರೀಲು ಹುಳಿಯುತ್ತದೆ, ಹುಳಿಯುತ್ತ ಮುದುಡುತ್ತದೆ.
ಮೂರು ನಿಮಿಷ ನಲವತ್ತು ಸೆಕೆಂಡಿನ ಹಳೆಯ ಮನಾಮ
ಬಿಸಿಲಿಗಿಟ್ಟು ಮರೆತ ಹಪ್ಪಳದ ಹಾಗೆ ಅಂಚೆತ್ತಿಕೊಂಡಿತ್ತು.

ಮರಿಸೆಲ್ ಹತ್ತಿಬಟ್ಟೆಯಲ್ಲಿ ಒರೆಸಿ
ಸ್ಕ್ಯಾನರಿನ ಹಲ್ಲಿಗೆ ಸಿಕ್ಕಿಸಿ
ಉಸಿರು ಬಿಗಿಹಿಡಿದು ಉರುಳಿಸಿದಳು.
ಆಮೇಲಿನದು ನನ್ನ ಪಾಲು:
ಗೀರು ತೆಗೆ, ಧೂಳು ತೆಗೆ, ನಡುಕ ನಿಲ್ಲಿಸು,
ಬಣ್ಣ ಹಚ್ಚು.

ಏನಿದೆ ಅದರಲ್ಲಿ? ಅಂಥದ್ದೇನಿಲ್ಲ.
ಕಸ್ಟಮ್ಸ್ ಕಟ್ಟೆಯಿಂದ ಹೊರಡುವ ಬಸ್ಸು,
ಮರದ ಮೈ, ಗಾಜಿಲ್ಲದ ಕಿಟಕಿ,
ಮಾಡಿನ ಮೇಲೆ ಎರಡು ಮೇಕೆ, ಒಂದು ಹಾಸಿಗೆ ಸುರುಳಿ.
ನೀರು ಹೊತ್ತ ಕತ್ತೆಗೆ ಅದು ದಾರಿ ಬಿಡುತ್ತದೆ.
ಸೈಕಲ್ಲಿನವನೊಬ್ಬ ಕ್ಯಾಮೆರಾ ನೋಡುತ್ತ ನೋಡುತ್ತ
ಕತ್ತೆಗೆ ಗುದ್ದುವುದರಲ್ಲಿದ್ದಾನೆ. ಗುದ್ದುವುದಿಲ್ಲ.
ಹಿಂದಿನ ಮೆಟ್ಟಿಲಿಗೆ ಜೋತುಬಿದ್ದ ಹುಡುಗ,
ಟಿಕೆಟ್ಟು ಹರಿಯುವವನು,
ಕೈ ಚಾಚಿದ್ದಾನೆ.

ಬಸ್ಸಿಗೆ ಯಾವ ಬಣ್ಣ?
ಯಂತ್ರವನ್ನು ಕೇಳಿದರೆ ಕೆಂಪು ಎಂದಿತು,
ಯಾವುದೋ ದೇಶದ ಬಸ್ಸು ನೋಡಿ ಕಲಿತ ಗಿಣಿಪಾಠ.
ಕೆಂಪೂ ಹಸಿರೂ ನೀಲಿಯೂ
ಒಂದೇ ಬೂದಿ ಬಳಿದುಕೊಂಡು ಕೂತಿರುವಾಗ
ಹಣೆ ಒರೆಸಿ ಹೆಸರು ಕೇಳುವುದು ಹೇಗೆ?

ಮುಹರಕ್‌ನಿಂದ ಹಾಜಿ ಮಿರ್ಜಾ ಬಂದರು.
ಎಂಬತ್ತೆಂಟು ದಾಟಿದವರು. ಬಂದರಿನಲ್ಲಿ ಮೂಟೆ ಲೆಕ್ಕ ಬರೆಯಲು
ಆ ಬಸ್ಸಿನಲ್ಲಿ ದಿನಾ ಹೋಗಿ ಬಂದವರು.
ಏಲಕ್ಕಿ ಕಾಫಿ ಮುಟ್ಟದೆ ಪರದೆಯನ್ನೇ ನೋಡಿದರು.
‘ಹಸಿರು’ ಎಂದರು. ಬಂದರಿನಲ್ಲಿ ಕಲಿತ ಹಿಂದಿಯಲ್ಲೇ
‘ಸೋಲಾ ಆನೆ ಸಚ್’ ಎಂದೂ ಸೇರಿಸಿದರು.
ಹದಿನಾರಾಣೆ ಸತ್ಯ! ಗಂಗೊಳ್ಳಿಯ ನನ್ನಜ್ಜಿ
ಮೀನು ತಾಜಾ ಎಂದು ಆಣೆ ಹಾಕುತ್ತಿದ್ದ ಮಾತು.

ಹಸಿರು ಹಚ್ಚಿದೆ.
‘ಅಲ್ಲ, ನೀಲಿ’ ಎಂದರು.
ಹಡಗು ಕಟ್ಟುವವರ ಡಬ್ಬಿಯ ತಳದಲ್ಲಿ ಉಳಿದದ್ದನ್ನೇ
ಬಸ್ಸಿಗೆ ಬಳಿಯುತ್ತಿದ್ದರಂತೆ. ಒಂದು ಮಗ್ಗುಲಿಗೆ ಹಸಿರು ಮುಗಿಯಿತು,
ಇನ್ನೊಂದಕ್ಕೆ ನೀಲಿ. ರಸ್ತೆಯ ಈಚೆಯ ಅಂಗಡಿಯವರಿಗೆ
ಹೋಗುವ ಬಸ್ಸು ಒಂದು, ಬರುವ ಬಸ್ಸು ಇನ್ನೊಂದು.
‘ಹಾಗಾದರೆ ಇಲ್ಲಿ ಕಾಣುವ ಮಗ್ಗುಲು?’
ಮುದುಕ ನನ್ನನ್ನು ಪಾಪ ಎಂಬಂತೆ ನೋಡಿದರು:
‘ನಾನು ಒಳಗೆ ಕೂತಿದ್ದೆ, ಮಗಳೇ.
ಒಳಗಿದ್ದವರಿಗೆ ಬಣ್ಣ ಕಾಣುತ್ತದೆಯೇ?’

ಆಮೇಲೆ ಪರದೆಗೆ ಬೆರಳು ತಾಗಿಸಿ ಕೇಳಿದರು,
‘ಇವನ ಕೈ ಯಾಕೆ ಖಾಲಿ?’

ಮೂಲಕ್ಕೆ ಮರಳಿದೆ. ಒಂದೊಂದೇ ಚೌಕಟ್ಟು, ಹದಿನಾಲ್ಕು.
ಕಿಟಕಿಯಿಂದ ಚಿಮ್ಮಿದ ಒಂದು ಬಿಳಿ ಚುಕ್ಕೆ
ಏರಿ, ತಿರುಗಿ, ಇಳಿದು
ಹುಡುಗನ ಅಂಗೈ ಸೇರುತ್ತದೆ.
ನಾನು ಸಾಕಿದ ಯಂತ್ರ ಅದನ್ನು ಧೂಳೆಂದು ನುಂಗಿತ್ತು.
ಎಷ್ಟು ಚೊಕ್ಕಟ ಕೆಲಸ ಎಂದು ನಾನೇ ಬೀಗಿದ್ದೆ.

ಆಗ ಇಲ್ಲಿ ಓಡುತ್ತಿದ್ದದ್ದು ನಮ್ಮ ರೂಪಾಯಿ.
ಅದು ಎರಡಾಣೆ, ಹೋರಿಯ ಮುದ್ರೆಯದು, ಮೂಲೆ ಮೊಂಡಾದ ಚೌಕ.
ಅದರ ಜೊತೆಗಾರ ಗಂಗೊಳ್ಳಿಯ ಪೇಟೆಯಲ್ಲಿ
ಬಂಗುಡೆಗೆ ಕೈ ಬದಲಿಸಿದ್ದೀತು.
ಚುಕ್ಕೆಯನ್ನು ತಿರುಗಿ ಇಟ್ಟೆ,
ಹದಿನಾಲ್ಕು ಸಲ, ಅದರದರ ಜಾಗದಲ್ಲಿ.
ಬಣ್ಣದ ಪಟ್ಟಿ ತೆರೆದೆ. ಮುಚ್ಚಿದೆ.
ನಿಕಲ್ಲಿನ ಬಣ್ಣ ಬೂದಿಯೇ.

ಆಕಾಶ ನನ್ನ ಊಹೆ, ಮೇಕೆ ನನ್ನ ಊಹೆ,
ಬಸ್ಸು ಹಸಿರಾದದ್ದು ಒಬ್ಬರ ಮೊದಲ ಮಾತಿನ ಮೇಲೆ.
ಹದಿನಾರಾಣೆಯಲ್ಲಿ ನಾನು ಸಾಕ್ಷಿ ಹೇಳಬಲ್ಲದ್ದು
ಎರಡಾಣೆಗೆ ಮಾತ್ರ.

ಇನ್ನೊಮ್ಮೆ ಓಡಿಸಿ ಎಂದರು ಹಾಜಿ ಮಿರ್ಜಾ.
ನಾಣ್ಯ ಹಾರಿತು, ಹುಡುಗ ಹಿಡಿದ, ಮುಷ್ಟಿ ಮುಚ್ಚಿದ,
ಬಸ್ಸು ತಿರುವಿನಲ್ಲಿ ಮರೆಯಾಯಿತು.
ಆರಿದ ಕಾಫಿಗೆ ಈಗ ಕೈ ಹಾಕುತ್ತ
ಮುದುಕ ಬೊಚ್ಚುಬಾಯಲ್ಲಿ ನಕ್ಕರು:
‘ಕಳ್ಳ ನನ್ಮಗ,
ಚಿಲ್ಲರೆ ವಾಪಸ್ಸು ಕೊಡಲೇ ಇಲ್ಲ.’