ಪಿಕಪ್

ಜತ್ತದ ಕನ್ನಡ ಸಾಲಿ, ಏಳನೇ ಇಯತ್ತೆ.
‘ಪಿಕ್ ಅಪ್’ ಅಂದ್ರ ‘ಎತ್ತು’,
ಗುರುಬಾಯಿ ಟೀಚರ್ ಬೋರ್ಡಿನ ಮ್ಯಾಲ ಬರದ್ರು.
ಹಿಂದಿನ ಬೆಂಚಿನ ಮಾಳಪ್ಪ ಎದ್ದು ನಿಂತ:
‘ನಮ್ಮ ಮನ್ಯಾಗ ಎರಡು ಪಿಕಪ್ ಅದಾವ್ರಿ!’

ನಕ್ಕು ನಕ್ಕು ಟೀಚರ ಕೈಯಾಗಿನ ಡಸ್ಟರ್ ಬಿತ್ತು.

ಇನ್ನಷ್ಟು ಅರ್ಥ ಹುಡಿಕ್ಕೊಂಡು ಬರ್ರಿ ಅಂದಾರ.
ಅಪ್ಪನ ಗ್ಯಾರೇಜಿನಾಗ ಅದು ಗಾಡಿಯ ದಮ್ಮು:
‘ಉಮದಿ ಏರಿನ್ಯಾಗ ಪಿಕಪ್ಪೇ ಇಲ್ಲ, ಸಾವಕಾರ್ರ.’
ಕಾಕಾಗ, ದಾಳಿಂಬ್ರಿ ಹೇರೋ ಬೊಲೆರೊ.
ಸಾಂಗ್ಲಿಗೆ ಕೊಟ್ಟ ಅಕ್ಕ
ಆರು ತಿಂಗಳದಾಗ ಮರಾಠಿ ಪಿಕಪ್ ಮಾಡ್ಯಾಳ,
ಫೋನು ಎತ್ತೂದಿಲ್ಲ.
ಅವ್ವ ಆ ಮಾತೇ ಎತ್ತೂದಿಲ್ಲ.

ಸಂಜಿಮುಂದ ಅಪ್ಪನ ಕೈಯಿಂದ
ಹತ್ತು ನಂಬರಿನ ನಟ್ಟು ಜಾರಿ
ಎಣ್ಣಿಮಣ್ಣಾಗ ಕಳೀತು.
ಕಣ್ಣು ಮಂಜಾಗ್ಯಾವ, ಯಾರಿಗೂ ಹೇಳಿಲ್ಲ ಅಂವ.
ಬಗ್ಗಿ ತಡಕಾಡಿ ಕೊಟ್ನಿ.

ರಾತ್ರಿ ವಹಿ ತೆರೆದ್ರ
ಕಡೀ ಸಾಲಿನ ಮ್ಯಾಲ
ನಂದ ಕರೀ ಹೆಬ್ಬಟ್ಟು.